ಧಾರವಾಡಿ ಎಮ್ಮೆ, 4×3 ಅಡಿ: ಎರೆಮಣ್ಣು, ಕೌದಿ, ಅಕ್ರಿಲಿಕ್

ಎರೆಮಣ್ಣು, ಹಳೆ ಕೌದಿ, ಸುತಳಿ, ಇದ್ದಿಲು, ದೀಪದ ಮಸಿ, ಅಕ್ರಿಲಿಕ್ ಇಷ್ಟನ್ನೂ ಒಂದು ಪ್ಲೈವುಡ್ ಹಲಗೆಯ ಮೇಲೆ ಕೂರಿಸಿ ಒಂದು ಎಮ್ಮೆ ಮಾಡಿದ್ದೇನೆ. ಕೆಲಸ ಮುಗಿದಿದೆ. ಟಿಪ್ಪಣಿ ಪುಸ್ತಕದಲ್ಲಿದ್ದ ಅಳತೆ, ಪ್ರಮಾಣ, ಖರ್ಚು, ಕೆಟ್ಟುಹೋದ ಪ್ರಯೋಗಗಳನ್ನು ಕ್ರಮವಾಗಿ ಇಲ್ಲಿ ಇಳಿಸುತ್ತಿದ್ದೇನೆ. ಇಡೀ ಕೆಲಸದ ಹಿಂದೆ ಒಂದೇ ಹಟ ಇತ್ತು: ಟ್ಯೂಬಿನ ಕಪ್ಪು ಬಣ್ಣ ಮುಟ್ಟದೆ ಎಮ್ಮೆಯ ಕಪ್ಪು ತರಬೇಕು.

1. ಎಮ್ಮೆ ಆರಿಸಿದ್ದು

ಧಾರವಾಡದಲ್ಲಿ ಬೆಳೆದವರಿಗೆ ಎಮ್ಮೆ ದಿನಾ ಕಣ್ಣಿಗೆ ಬೀಳುವ ಪ್ರಾಣಿ. ದೀಪಾವಳಿ ಪಾಡ್ಯಕ್ಕೆ ಎಮ್ಮೆ ಸಾಕುವ ಗೌಳಿಗರು ಅವುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಕವಡೆ ಸರ ಕಟ್ಟಿ ಓಡಿಸುವುದನ್ನು ಹುಬ್ಬಳ್ಳಿ, ಧಾರವಾಡ ಎರಡೂ ಕಡೆ ನೋಡಿದ್ದೇನೆ. ಸಿಂಗಾರದ ಎಮ್ಮೆಯ ಚಿತ್ರಗಳು ಬೇಕಾದಷ್ಟು ಬಂದಿವೆ. ನನಗೆ ಬೇಕಾಗಿದ್ದು ಕೆಲಗೇರಿ ಕೆರೆಯಿಂದ ಆಗಷ್ಟೇ ಎದ್ದು ಬಂದ ಎಮ್ಮೆ: ಬೆನ್ನ ಮೇಲೆ ನೀರು, ಪಕ್ಕೆಯ ಮೇಲೆ ಅರ್ಧ ಒಣಗಿದ ರಾಡಿ.

ಎಮ್ಮೆಗೆ ಬೆವರಿನ ಗ್ರಂಥಿಗಳು ದನಕ್ಕಿಂತ ಕಡಿಮೆ. ಕಪ್ಪು ಚರ್ಮ ಬಿಸಿಲನ್ನು ಹೀರಿಕೊಳ್ಳುತ್ತದೆ. ಅದಕ್ಕೇ ಅದು ನೀರು, ರಾಡಿ ಹುಡುಕಿಕೊಂಡು ಹೋಗಿ ಬೀಳುವುದು. ಮೈಮೇಲೆ ಕೂದಲೂ ವಿರಳ. ಹಾಗಾಗಿ ಒದ್ದೆಯಾದಾಗ ಬರೀ ಚರ್ಮವೇ ಹೊಳೆಯುತ್ತದೆ, ಮೇಲಿನ ಆಕಾಶದ ಬಣ್ಣ ಬೆನ್ನ ಮೇಲೆ ಹಾಗೇ ಇಳಿಯುತ್ತದೆ. ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಎಲ್ಲಿ ಸಿಗಬೇಕು?

ಧಾರವಾಡಿ ತಳಿಯ ಗುರುತು ಅದರ ಕೊಂಬಿನಲ್ಲಿದೆ. ಮುರ್ರಾ ಎಮ್ಮೆಯ ಕೊಂಬು ಸುರುಳಿ ಸುತ್ತಿ ತಲೆಯ ಹತ್ತಿರವೇ ಇರುತ್ತದೆ. ಪಂಢರಪುರಿಯದು ಬಹಳ ಉದ್ದ, ಹೆಗಲು ದಾಟಿ ಹೋಗುತ್ತದೆ. ಧಾರವಾಡಿಯದು ಹಿಂದಕ್ಕೆ ಬಾಗಿದ ಅರ್ಧಚಂದ್ರ. ಕೊಂಬಿನ ಬಾಗು ತಪ್ಪಿದರೆ ತಳಿಯೇ ತಪ್ಪಿತು.

ಗೌಳಿ ಓಣಿಯ ಒಂದು ಮನೆಯಲ್ಲಿ ಗೋದಲಿಯ ಪಕ್ಕ ಕೂತು ಸ್ಕೆಚ್ ಮಾಡಲು ಶುರು ಮಾಡಿದೆ. ನನ್ನ ಕಣ್ಣಿಗೆ ಎಲ್ಲವೂ ಕಪ್ಪೇ. ಆ ಮನೆಯ ಆಯಿ ಕರೆಯುತ್ತಿದ್ದ ಹೆಸರು ಮಾತ್ರ ಬೇರೆ ಬೇರೆ: ಒಂದು ಕೆಂಚಿ, ಒಂದು ಬೂದಿ, ಒಂದು ಕರಿಯವ್ವ.

“ಕೆಂಚಿ ಅಂತ ಯಾಕ ಕರೀತೀರಿ ಆಯಿ? ಅದೂ ಕರೇನ ಐತಲ್ರೀ,” ಅಂದೆ.

“ಬಿಸಲಾಗ ಅದರ ಬಗಲಿಗೆ ನಿಂತು ನೋಡವಾ ತಂಗಿ,” ಅಂದರು.

ನಿಂತು ನೋಡಿದೆ. ಹೆಗಲ ಮೇಲಿನ ಕೂದಲಿನ ತುದಿಗಳೆಲ್ಲ ಇಟ್ಟಂಗಿ ಬಣ್ಣಕ್ಕೆ ತಿರುಗಿದ್ದವು. ಬೂದಿಯ ಗಂಟಲ ಕೆಳಗಿನ ಮಡಿಕೆಗಳು ಪಾಟಿ ಕಲ್ಲಿನ ಬಣ್ಣ. ಕರಿಯವ್ವನ ಕುತ್ತಿಗೆಗೆ ನೆರಳಿನಲ್ಲಿ ನೀಲಿ. ಚಿತ್ರದ ಬಣ್ಣಗಳನ್ನು ಅಲ್ಲೇ ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ: ಹೆಗಲಿಗೆ ಕೆಂಪುಗಪ್ಪು, ಕುತ್ತಿಗೆಗೆ ನೀಲಿಗಪ್ಪು, ಹೊಟ್ಟೆಗೆ ಬೂದುಗಪ್ಪು.

ಮೈಯ ಭಾರ ಹೇಗೆ ತರಬೇಕು ಅನ್ನುವುದಕ್ಕೆ ಬಾದಾಮಿಗೆ ಹೋದೆ. ಅಲ್ಲಿನ ಒಂದನೇ ಗುಹೆಯಲ್ಲಿ, ಹದಿನೆಂಟು ಕೈಗಳ ನಟರಾಜ ಇರುವ ಗುಹೆಯಲ್ಲೇ, ಒಂದು ಮಹಿಷಮರ್ದಿನಿ ಇದೆ. 6ನೇ ಶತಮಾನದ ಚಾಲುಕ್ಯ ಶಿಲ್ಪಿ ಮಹಿಷನಿಗೆ ಮನುಷ್ಯನ ಮೈ ಕೊಡದೆ ಪೂರ್ತಿ ಕೋಣವನ್ನೇ ಕಡೆದಿದ್ದಾನೆ. ತಲೆ ದೇವಿಯ ಪಾದದ ಕೆಳಗೆ, ಬಾಲ ಆಕೆಯ ಕೈಯಲ್ಲಿ. ಕೋಣದ ತೂಕವೆಲ್ಲ ಕುತ್ತಿಗೆ ಮತ್ತು ಹೆಗಲಿಗೆ ಬಂದು ಕೂತಿದೆ. ಅದನ್ನು ನೋಡಿದ ಮೇಲೆ ಇಡೀ ಎಮ್ಮೆ ಬರೆಯುವ ಯೋಚನೆ ಬಿಟ್ಟು ತಲೆ, ಕುತ್ತಿಗೆ, ಹೆಗಲು, ಮುಂಗಾಲಿನ ಮೇಲ್ಭಾಗ, ಎದೆಯ ಹಿಂದಿನ ಹೊಟ್ಟೆಯ ಸ್ವಲ್ಪ ಭಾಗ ಇಷ್ಟನ್ನೇ ಹಲಗೆ ತುಂಬ ಇಡುವುದೆಂದು ತೀರ್ಮಾನಿಸಿದೆ.

2. ಗೆರೆ

ಮೊದಲ ಸ್ಕೆಚ್ಚುಗಳನ್ನು ನೋಡಿ ಆಯಿ “ಇದು ಎತ್ತಿನ ಮಾರಿ ಆತಲ್ಲ” ಅಂದರು. ಅವರು ಹೇಳಿದ್ದು ಸರಿ. ಎತ್ತು ನಿಂತಾಗ ತಲೆ ಮೇಲಿರುತ್ತದೆ, ಮುಖ ಕೆಳಕ್ಕೆ ಇಳಿದಿರುತ್ತದೆ. ಎಮ್ಮೆ ತಲೆಯನ್ನು ಬೆನ್ನಿನ ಮಟ್ಟಕ್ಕೆ ತಂದು ಮೂಗನ್ನು ಮುಂದಕ್ಕೆ ಚಾಚುತ್ತದೆ, ಆಗ ಕೊಂಬು ಹಿಂದಕ್ಕೆ ಕುತ್ತಿಗೆಯ ಉದ್ದಕ್ಕೆ ಮಲಗುತ್ತದೆ. ಕಿವಿ ಕೊಂಬಿನ ಬುಡದ ಕೆಳಗಿಂದ ಅಡ್ಡಕ್ಕೆ ಹೊರಡುತ್ತದೆ. ಈ ಮೂರನ್ನು ತಿದ್ದಿದ ಮೇಲೆ ಗೆರೆಯಲ್ಲೇ ಎಮ್ಮೆ ಬಂತು.

ಸ್ಕೆಚ್ 24×18 ಸೆಂ.ಮೀ., ಅದರ ಮೇಲೆ 2 ಸೆಂ.ಮೀ. ಚೌಕಗಳು. ಹಲಗೆಯಲ್ಲಿ ಚೌಕ 10 ಸೆಂ.ಮೀ., ಅಂದರೆ ಐದು ಪಟ್ಟು. ದೊಡ್ಡದಾದ ಮೇಲೆ ಕೊಂಬು ಬಾಗಿನ ಉದ್ದಕ್ಕೆ 46 ಸೆಂ.ಮೀ., ಕಣ್ಣು 3.5 ಸೆಂ.ಮೀ.

3. ಹಲಗೆ

12 ಎಂ.ಎಂ. ಬಿಡಬ್ಲ್ಯೂಆರ್ (ನೀರು ತಾಳುವ) ಪ್ಲೈ, 4×3 ಅಡಿ. ಮಣ್ಣಿನ ಭಾರ ಹೊರಬೇಕು, ಒದ್ದೆಯನ್ನೂ ತಾಳಬೇಕು, ಆದ್ದರಿಂದ ಕ್ಯಾನ್ವಾಸ್ ಆಗದು. ಹಿಂದೆ 2×1 ಇಂಚಿನ ಸಾಗವಾನಿ ಪಟ್ಟಿಗಳನ್ನು ಸುತ್ತಲೂ, ನಡುವೆ ಒಂದನ್ನು ಅಡ್ಡಕ್ಕೆ ಸ್ಕ್ರೂ ಮಾಡಿದೆ. ಒಂದೇ ಬದಿಗೆ ನೀರಿನ ಲೇಪ ಕೊಟ್ಟರೆ ಪ್ಲೈ ಬಾಗುತ್ತದೆ. ಅದಕ್ಕೆ ಮುಂದೆ ಎಷ್ಟು ಕೋಟ್ ಹಾಕಿದೆನೋ ಹಿಂದೆಯೂ ಅಷ್ಟೇ ಹಾಕಿದೆ: ಒಂದು ಪಾಲು ಫೆವಿಕಾಲ್, ಮೂರು ಪಾಲು ನೀರು. ಮುಂದಿನ ಬದಿಗೆ ಮಂಜರಪಾಟ ಬಟ್ಟೆ ಅಂಟಿಸಿ, ಖಡಿಪುಡಿ (ಸೀಮೆಸುಣ್ಣದ ಪುಡಿ), ಫೆವಿಕಾಲ್, ಬಿಳಿ ಅಕ್ರಿಲಿಕ್ ಸೇರಿಸಿದ ಜೆಸ್ಸೊ, ಅಂದರೆ ಬಣ್ಣ ಹಿಡಿಯುವ ತಳದ ಲೇಪ, ಎರಡು ಕೋಟ್. ಮಣ್ಣು ಬರುವ ಜಾಗದಲ್ಲಿ 60 ನಂಬರ್ ಪಾಲಿಶ್ ಪೇಪರ್ ಹಾಕಿ ಮೇಲ್ಮೈ ಒರಟು ಮಾಡಿದೆ, ಉಳಿದ ಕಡೆ 180.

4. ಮಣ್ಣು

ಇಲ್ಲಿಯೇ ಹೆಚ್ಚು ಸಮಯ ಹೋಯಿತು. ನವಲಗುಂದ ಕಡೆಯ ಒಂದು ಹೊಲದ ಬದುವಿನಿಂದ, ಹೊಲದವರನ್ನು ಕೇಳಿ, ಒಣ ಹೆಂಟೆಗಳನ್ನು ತಂದೆ. ಕುಟ್ಟಿ, ರವೆ ಜರಡಿಯಲ್ಲಿ ಸಾಣಿಸಿ, ಆಮೇಲೆ ವಸ್ತ್ರಗಾಳಿತ ಮಾಡಿದೆ. ನೇರ ಹಲಗೆಗೆ ಹೋಗದೆ 6 ಇಂಚಿನ ಪ್ಲೈ ತುಂಡುಗಳ ಮೇಲೆ ಪರೀಕ್ಷೆ.

ಮಣ್ಣು, ನೀರು, ಫೆವಿಕಾಲ್ ಮಾತ್ರ ಕಲಸಿ 5 ಎಂ.ಎಂ. ದಪ್ಪಕ್ಕೆ ಮೆತ್ತಿದ್ದು ಪೂರ್ತಿ ಕೆಟ್ಟಿತು. ಹಸಿಯಿದ್ದಾಗ ನೋಡಲು ಬಹಳ ಚಂದ, ಕರ್ರಗೆ, ನುಣ್ಣಗೆ. ಒಣಗಿದ ಮೇಲೆ 2-3 ಎಂ.ಎಂ. ಅಗಲದ ಬಿರುಕು, ಬಿಲ್ಲೆಗಳ ಅಂಚು ಮೇಲಕ್ಕೆ ಸುರುಟಿ, ಉಗುರು ತಾಗಿಸಿದರೆ ಎದ್ದು ಬರುತ್ತಿತ್ತು. ಬೇಸಿಗೆಯಲ್ಲಿ ಎರಿ ಹೊಲ ಬಾಯಿ ಬಿಡುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ನೀರು ಕುಡಿದು ಉಬ್ಬುವ, ಒಣಗಿ ಕುಗ್ಗುವ ಜೇಡಿ ಅದು. ಅಂಟು ಹೆಚ್ಚಿಸಿದರೂ ಬಿರುಕು ನಿಲ್ಲಲಿಲ್ಲ, ಬಿಲ್ಲೆಗಳು ಗಟ್ಟಿಯಾದವು ಅಷ್ಟೇ.

ಅರ್ಧಕ್ಕೆ ಅರ್ಧ ಉಸುಕು ಸೇರಿಸಿದಾಗ ಬಿರುಕು ಬಹುಮಟ್ಟಿಗೆ ಹೋಯಿತು. ಆದರೆ ಮಣ್ಣಿನ ಕರಿ ಬಣ್ಣವೂ ಹೋಯಿತು, ಗಚ್ಚಿನ ಗೋಡೆಯ ಬೂದಿ ಬಣ್ಣ ಬಂತು.

ಹಳೆ ಮಾಳಿಗೆ ಮನೆಗಳ ಗೋಡೆಗೆ ಮಣ್ಣು ಮೆತ್ತುವವರು ಹೊಟ್ಟು, ಸಗಣಿ ಹಾಕಿ ತುಳಿದು, ಕೆಲವು ದಿನ ಕೊಳೆಯಲು ಬಿಡುತ್ತಿದ್ದರು. ಮಣ್ಣು ಕುಗ್ಗುವಾಗ ಎಳೆಗಳು ಅದನ್ನು ಹಿಡಿದಿಡುತ್ತವೆ. ಸಗಣಿ ನಾನು ಹಾಕಲಿಲ್ಲ, ಮಳೆಗಾಲದಲ್ಲಿ ಹುಳ, ಬೂಸ್ಟು ಬರುವ ಭಯ. ಹೊಟ್ಟು ಈ ಅಳತೆಯ ಚಿತ್ರಕ್ಕೆ ದಪ್ಪವಾಯಿತು. ಅದೇ ಎರಿ ಹೊಲದಲ್ಲಿ ಬೆಳೆಯುವ ಹತ್ತಿಯ ಅರಳೆಯನ್ನು 1 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಬಿಡಿಸಿ ಬಿಡಿಸಿ ಕಲಸಿದೆ. ಒಮ್ಮೆಲೇ ಹಾಕಿದರೆ ಗಂಟು ಕಟ್ಟುತ್ತದೆ, ಚಿಟಿಕೆ ಚಿಟಿಕೆ ಉದುರಿಸಬೇಕು.

ಕೊನೆಗೆ ನಿಂತ ಪ್ರಮಾಣ, ಬಟ್ಟಲ ಅಳತೆಯಲ್ಲಿ: ಮಣ್ಣು 2, ಸಣ್ಣ ಉಸುಕು ಮುಕ್ಕಾಲು, ಫೆವಿಕಾಲ್ ಅರ್ಧ, ಅರಳೆ ಒಂದು ಸಡಿಲ ಹಿಡಿ. ಬೂಸ್ಟು ಬಾರದಿರಲು ಕೆಲವು ಹನಿ ಲವಂಗದ ಎಣ್ಣೆ. ನೀರು ಎಷ್ಟು ಕಡಿಮೆ ಹಾಕುತ್ತೀರೋ ಅಷ್ಟು ಒಳ್ಳೆಯದು, ರೊಟ್ಟಿ ಹಿಟ್ಟಿನ ಹದ ಸಾಕು. ಒಂದು ಕೋಟ್ 1.5 ಎಂ.ಎಂ. ಮೀರಬಾರದು. ಒಂದು ಪೂರ್ತಿ ಒಣಗಿದ ಮೇಲೇ ಇನ್ನೊಂದು. ಬಿಸಿಲಿಗೆ ಇಡಬೇಡಿ. ನೆರಳಲ್ಲಿ, ಮೇಲೆ ತೆಳು ಒದ್ದೆ ಬಟ್ಟೆ ಹೊದಿಸಿ ಮೊದಲ ರಾತ್ರಿ ಕಳೆಯಲಿ. ಇಷ್ಟು ಮಾಡಿದರೂ ಕೂದಲೆಳೆಯಂಥ ಬಿರುಕು ಬರುತ್ತದೆ. ಒಣಗಿದ ರಾಡಿಗೆ ಅದು ಸಹಜವಾಗಿ ಒಪ್ಪಿತು, ಬಿಟ್ಟೆ.

ಹೊಟ್ಟೆ, ಎದೆಯ ಕೆಳಭಾಗ, ಮೊಣಕಾಲಿನ ಸುತ್ತ ಮಾತ್ರ ಮಣ್ಣು ಹಾಕಿದೆ. ಪುಟ್ಟಿ ಬ್ಲೇಡಿನಿಂದ ಎಳೆದು, ಇನ್ನೂ ಹಸಿಯಿರುವಾಗ ತೆಂಗಿನ ನಾರಿನ ಬ್ರಶ್ಶಿನಿಂದ ಕೆಳಮುಖವಾಗಿ ಒಂದೇ ಸಲ ಸವರಿದೆ. ರಾಡಿ ಇಳಿದ ದಾರಿ ಹಾಗೇ ಮೂಡಿತು. ಎರಡನೇ ಸಲ ಸವರಿದ ಕಡೆಯೆಲ್ಲ ಕೃತಕವಾಯಿತು, ಅಲ್ಲಿ ಕೆರೆದು ಮತ್ತೆ ಮೆತ್ತಬೇಕಾಯಿತು.

5. ಕೌದಿ

ಕುತ್ತಿಗೆಯ ಮಡಿಕೆಗಳನ್ನು ಬಣ್ಣದಲ್ಲಿ ಬರೆದರೆ ಗೆರೆಗಳಾಗಿಯೇ ಉಳಿಯುತ್ತಿದ್ದವು. ಮನೆಯಲ್ಲಿ ನಡುವೆ ಹರಿದ ಒಂದು ಕೌದಿ ಇತ್ತು. ಹಳೆ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಉದ್ದಕ್ಕೂ ಸಾಲು ಸಾಲಾಗಿ ಹೊಲಿದದ್ದು. ವರ್ಷಗಟ್ಟಲೆ ತೊಳೆದು ತೊಳೆದು ಬಟ್ಟೆ ಕುಗ್ಗಿ, ಎರಡು ಹೊಲಿಗೆ ಸಾಲಿನ ನಡುವೆ ದಿಂಡು ಎದ್ದಿತ್ತು. ದಿಂಡಿನಿಂದ ದಿಂಡಿಗೆ ಸುಮಾರು 1 ಸೆಂ.ಮೀ. ನನ್ನ ಅಳತೆಯಲ್ಲಿ ಎಮ್ಮೆಯ ಕುತ್ತಿಗೆಯ ಮಡಿಕೆಗೆ ಬೇಕಾದದ್ದೂ ಅಷ್ಟೇ.

ಇನ್ನೊಂದು ಅನುಕೂಲ ಆಮೇಲೆ ಹೊಳೆಯಿತು. ಕೌದಿಯಲ್ಲಿ ಕೆಂಪು ಸೀರೆಯ ತುಂಡಿದೆ, ನೀಲಿ ಇದೆ, ಧೋತರದ ಬಿಳಿ ಇದೆ. ಕೆಂಪು ತುಂಡು ಹೆಗಲಿಗೆ, ನೀಲಿ ಕುತ್ತಿಗೆಗೆ, ಬಿಳಿ ಗಂಟಲ ಕೆಳಗೆ ಬರುವಂತೆ ಇಟ್ಟು ಮೇಲೆ ತೆಳುವಾದ ಗಾಢ ಬಣ್ಣ ಕೊಟ್ಟರೆ ಕೆಂಚಿ, ಕರಿಯವ್ವ, ಬೂದಿ ಮೂವರ ಕಪ್ಪೂ ಕೆಳಗಿನಿಂದ ತಾನಾಗಿ ಬರಬೇಕು. ಈ ಚಿತ್ರ ನಿಂತಿರುವುದೇ ಈ ಲೆಕ್ಕದ ಮೇಲೆ.

ಬಿಸಿ ನೀರು, ಸಾಬೂನು ಹಾಕಿ ತೊಳೆದೆ. ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿದಾಗ ಕೆಂಪು ಇನ್ನೂ ಬಿಡುತ್ತಿತ್ತು. ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆದು, ಒಣಗಿಸಿ, ಅಕ್ರಿಲಿಕ್ ಮೀಡಿಯಂ (ಬಣ್ಣವಿಲ್ಲದ ಅಕ್ರಿಲಿಕ್ ದ್ರವ) ಒಂದು ಕೋಟ್ ಕೊಟ್ಟೆ. ಇದನ್ನು ತಪ್ಪಿಸಿದರೆ ಅಂಟಿನ ಒದ್ದೆಗೆ ಕೆಂಪು ಕರಗಿ ಸುತ್ತಲಿನ ಬಿಳಿಗೆಲ್ಲ ಹರಡುತ್ತದೆ, ಪರೀಕ್ಷೆಯ ತುಂಡಿನಲ್ಲಿ ಹಾಗೇ ಆಯಿತು.

ಇಡೀ ಕೌದಿಯ ದಪ್ಪ ಹಲಗೆಗೆ ಜಾಸ್ತಿ. ಹಿಂದಿನ ಪದರಗಳನ್ನು ಬ್ಲೇಡಿನಿಂದ ಬಿಡಿಸಿ ಮೇಲಿನ ಎರಡು ಉಳಿಸಿಕೊಂಡೆ. ಹೊಲಿಗೆ ಕತ್ತರಿಸದಂತೆ ಬಿಡಿಸುವುದು ನಿಧಾನದ ಕೆಲಸ, ದೂರದರ್ಶನ ನೋಡುತ್ತ ಮಾಡುವಂಥದ್ದಲ್ಲ. 70×40 ಸೆಂ.ಮೀ. ತುಂಡು ಬೇಕಾಯಿತು.

ಅಂಟಿಸುವಾಗ ಎರಡು ಪಾಠ. ಬಟ್ಟೆಯನ್ನು ಅಂಟಿನಲ್ಲಿ ಅದ್ದಿ ಹಾಕಿದರೆ ಒಣಗುತ್ತ ಕುಗ್ಗಿ ಅಂಚುಗಳು ಎದ್ದುಬಿಡುತ್ತವೆ. ಅಂಟನ್ನು ಹಲಗೆಗೆ ಬಳಿದು, ಎರಡು ಪಾಲು ಫೆವಿಕಾಲಿಗೆ ಒಂದು ಪಾಲು ನೀರು, ಅದರ ಮೇಲೆ ಒಣ ಬಟ್ಟೆ ಕೂರಿಸಬೇಕು. ಪ್ರತಿ ದಿಂಡಿನ ಎರಡೂ ಬದಿ, ಹೊಲಿಗೆಯ ಸಾಲಿನಲ್ಲಿ, ಚಮಚದ ಹಿಡಿಯಿಂದ ಒತ್ತುತ್ತ ಹೋಗಬೇಕು. ದಿಂಡನ್ನು ಮಾತ್ರ ಒತ್ತಬಾರದು. ಇನ್ನೊಂದು, ಹೆಚ್ಚಿನ ಮಡಿಕೆ ಬೇಕಿದ್ದರೆ ಅಂಟಿಸುವ ಮೊದಲೇ ಹೊಲಿದುಕೊಳ್ಳಿ. ಫೆವಿಕಾಲ್ ಒಣಗಿದ ಮೇಲೆ ಸೂಜಿ ಇಳಿಯುವುದಿಲ್ಲ, ಮುರಿಯುತ್ತದೆ.

ಕೊರಳ ಹಗ್ಗದ ಜಾಗಕ್ಕೆ ಇಳಕಲ್ ಸೀರೆಯ ಅಂಚಿನ ಒಂದು ಪಟ್ಟಿ, ಅದರ ಮೇಲೆ ಕಸೂತಿಯ ಗವಂತಿ ಹೊಲಿಗೆಯಲ್ಲಿ ಒಂದೇ ಸಾಲು. ಗವಂತಿ ನೂಲೆಣಿಸಿ ಹೊಲಿಯುವಂಥದ್ದು, ಹಿಂದೆ ಮುಂದೆ ಒಂದೇ ತೆರನಾಗಿ ಬರಬೇಕು. ಹಿಂಬದಿ ಹಲಗೆಗೆ ಅಂಟಿ ಹೋಗುತ್ತದೆ, ಯಾರೂ ನೋಡುವುದಿಲ್ಲ. ಆದರೂ ನಿಯಮದಂತೆಯೇ ಹೊಲಿದೆ. ಎಮ್ಮೆಯ ಮೈಮೇಲೆ ಮುಚ್ಚದೆ ಬಿಟ್ಟ ಕೆಂಪು ಬಟ್ಟೆ ಇದೊಂದೇ.

6. ಕೊಂಬು

ಪೇಪರ್ ರದ್ದಿ ನೆನೆಸಿ ಅರೆದು, ಖಡಿಪುಡಿ, ಫೆವಿಕಾಲ್ ಸೇರಿಸಿ ಹಿಟ್ಟು ಮಾಡಿ 18 ಎಂ.ಎಂ. ಎತ್ತರಕ್ಕೆ ಕಟ್ಟಿದೆ. ಹೊರಗೆ ಒಣಗಿ ಒಳಗೆ ಹಸಿ ಉಳಿದು ಮುಗ್ಗು ವಾಸನೆ ಬಂತು. ಕಿತ್ತು ಹಾಕಿದೆ. ಥರ್ಮೊಕೋಲ್ ತುಂಡನ್ನು ಬಾಗಿಗೆ ತಕ್ಕಂತೆ ಕೊಯ್ದು ಒಳಗಿಟ್ಟು, ಮೇಲೆ 4 ಎಂ.ಎಂ. ಮಾತ್ರ ಪೇಪರ್ ಹಿಟ್ಟು ಕೊಟ್ಟಾಗ ಸರಿಯಾಯಿತು.

ಎಮ್ಮೆಯ ಕೊಂಬಿನ ಬುಡದಲ್ಲಿ ಅಡ್ಡ ಉಂಗುರಗಳು ಒತ್ತೊತ್ತಾಗಿರುತ್ತವೆ, ತುದಿಗೆ ಹೋದಂತೆ ನುಣುಪು. ಹಸಿ ಹಿಟ್ಟಿನ ಮೇಲೆ ಸುತಳಿಯ ತುಂಡುಗಳನ್ನು ಬುಡದಲ್ಲಿ 5 ಎಂ.ಎಂ. ಅಂತರಕ್ಕೆ, ಆಮೇಲೆ ಹಿಗ್ಗಿಸುತ್ತ ಹೋಗಿ, ಮೂರನೇ ಎರಡು ಭಾಗದ ಹತ್ತಿರ ನಿಲ್ಲಿಸಿದೆ. ತುದಿಯನ್ನು 320 ನಂಬರ್ ಪಾಲಿಶ್ ಪೇಪರಿನಿಂದ ತಿಕ್ಕಿದೆ.

7. ಕಪ್ಪು

ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಅಂಬರ್ ಎಂಬ ಕಡು ಕಂದು. ಎರಡೇ ಟ್ಯೂಬು. ಸಮ ಪಾಲಿಗೆ ಗಾಢ ಕಪ್ಪು, ನೀಲಿ ಹೆಚ್ಚಿಸಿದರೆ ತಣ್ಣನೆಯ ಕಪ್ಪು, ಅಂಬರ್ ಹೆಚ್ಚಿಸಿದರೆ ಬೆಚ್ಚನೆಯದು. ಮೀಡಿಯಂ ಹೆಚ್ಚು ಸೇರಿಸಿ ಚಹಾದಷ್ಟು ತೆಳು ಮಾಡಿ, ಕೌದಿಯ ಮೇಲೆ ಒಂದರ ಮೇಲೊಂದು ಬಳಿಯುತ್ತ ಬಂದೆ. ಪ್ರತಿ ಕೋಟ್ ಒಣಗಿದ ಕೂಡಲೇ ಹಿಂದೆ ಸರಿದು ನೋಡುವುದು. ಹೆಗಲ ಕೆಂಪು ಆರಂಭದಲ್ಲಿ ಕಿರುಚುತ್ತದೆ, ಗಾಬರಿಯಾಗಿ ದಪ್ಪ ಬಣ್ಣ ಹಾಕಬಾರದು. ಐದಾರು ತೆಳು ಪದರಗಳಾಗುವ ಹೊತ್ತಿಗೆ ದಿಂಡಿನ ತಗ್ಗುಗಳಲ್ಲಿ ಬಣ್ಣ ನಿಂತು ಗಾಢವಾಯಿತು, ಏರುಗಳಲ್ಲಿ ಕೆಂಪು ಇಟ್ಟಂಗಿಯಾಗಿ ಉಳಿಯಿತು. ನೀಲಿ ತುಂಡಿನ ಮೇಲೆ ಅದೇ ಮಿಶ್ರಣ ಬೇರೆಯೇ ಕಪ್ಪಾಯಿತು. ಗೌಳಿ ಓಣಿಯಲ್ಲಿ ಪುಸ್ತಕದ ಅಂಚಿಗೆ ಬರೆದುಕೊಂಡದ್ದು ಇದನ್ನೇ.

ಮೂಗಿನ ಹೊಳ್ಳೆ, ಕಿವಿಯ ಒಳಗು, ಮುಂಗಾಲಿನ ಸಂದಿಗೆ ಇನ್ನೂ ಆಳ ಬೇಕಿತ್ತು. ಔಡಲೆಣ್ಣೆಯ ದೀಪದ ಮೇಲೆ ಸ್ಟೀಲ್ ತಾಟು ಬೋರಲು ಹಾಕಿ ಮಸಿ ಹಿಡಿದೆ. ಕಾಡಿಗೆ ಮಾಡುವ ವಿಧಾನವೇ. ಮಸಿ ನೀರಿನಲ್ಲಿ ಬೆರೆಯುವುದಿಲ್ಲ, ಮೇಲೆ ತೇಲುತ್ತದೆ. ಮೊದಲು ಕೆಲವು ಹನಿ ಸ್ಪಿರಿಟ್ ಹಾಕಿ ತೇವ ಮಾಡಿ, ಆಮೇಲೆ ಮೀಡಿಯಂ ಸೇರಿಸಿದರೆ ಕೂಡಿಕೊಳ್ಳುತ್ತದೆ. ಚಿಟಿಕೆ ಮಸಿ ಬಹಳ ದೂರ ಹೋಗುತ್ತದೆ, ಜೋಪಾನ.

ಬೆನ್ನ ಮೇಲಿನ ನೀರಿನ ಹೊಳಪಿಗೆ ಬಿಳಿ ಬಳಸಿ ನೋಡಿದೆ, ಸುಣ್ಣ ಹಚ್ಚಿದ ಹಾಗಾಯಿತು. ಸೆರೂಲಿಯನ್ ನೀಲಿ, ಬಿಳಿ, ಅದಕ್ಕೆ ತುಸು ಅಂಬರ್ ಸೇರಿಸಿ ಮಬ್ಬು ಮಾಡಿ, ಬಹುತೇಕ ಒಣಗಿದ ಬ್ರಶ್ಶಿನಿಂದ ದಿಂಡುಗಳ ನೆತ್ತಿಗೆ ಮಾತ್ರ ತಾಗಿಸಿದೆ. ಶುದ್ಧ ಬಿಳಿ ಇರುವುದು ಕಣ್ಣಿನ ಒಂದು ಚುಕ್ಕೆಯಲ್ಲಿ. ಕಣ್ಣಿಗೆ ಎಪಾಕ್ಸಿ ಹನಿ ಬಿಟ್ಟು ನೋಡಿದೆ, ಅಂಗಡಿ ಗೊಂಬೆಯ ಗಾಜಿನ ಕಣ್ಣು ಬಂತು, ಕೆತ್ತಿ ತೆಗೆದೆ. ಎಮ್ಮೆಯ ಕಣ್ಣು ಕಡು ಕಂದು. ಅಂಬರ್ ಮೇಲೆ ನೀಲಿಯ ಎರಡು ತೆಳು ಪದರ ಸಾಕಾಯಿತು.

ಕೂದಲಿಗೆ ಇದ್ದಿಲು. ಹೆಗಲು, ಹಣೆಯ ಮೇಲೆ ವಿರಳವಾಗಿ ಗೆರೆ ಎಳೆದು, ಬ್ರಶ್ ತಾಗಿದರೆ ಅಳಿಸುವುದರಿಂದ ನೀರು ಬೆರೆಸಿದ ಮೀಡಿಯಂ ಅನ್ನು ಸ್ಪ್ರೇ ಬಾಟಲಿಯಿಂದ ದೂರ ನಿಂತು ಸಿಂಪಡಿಸಿದೆ.

8. ಹಿನ್ನೆಲೆ

ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಳಸುವ ಆಸೆ ಇತ್ತು. ಅದು, ಅರಿಷಿಣ, ಗೋಡೆಗೆ ಬಳಿಯುವ ಕೆಂಪು ಜಾಜು ಮೂರನ್ನೂ ಕಾಗದದ ಪಟ್ಟಿಗೆ ಬಳಿದು, ಅರ್ಧಕ್ಕೆ ರಟ್ಟು ಮುಚ್ಚಿ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿದೆ. ಮೆಣಸಿನಕಾಯಿ, ಅರಿಷಿಣ ಎರಡೂ ಬಿಸಿಲಿಗೆ ಹಾರಿದವು. ಜಾಜು ಕದಲಲಿಲ್ಲ. ಜಾಜನ್ನೇ ಮೀಡಿಯಂನಲ್ಲಿ ಕಲಸಿ, ಕೆರೆಯ ನೀರು ಬರುವ ಬದಿಯಲ್ಲಿ ಅದಕ್ಕೆ ಬೂದಿ ಬೆರೆಸಿ ಬಳಿದೆ.

9. ವಾರ್ನಿಶ್ ಮತ್ತು ಲೆಕ್ಕ

ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಕಪ್ಪನ್ನು ಬೂದು ಮಾಡುತ್ತದೆ, ಗ್ಲಾಸಿ (ಹೊಳಪಿನ) ವಾರ್ನಿಶ್ ಒಣ ಮಣ್ಣನ್ನು ಹಸಿ ಮಣ್ಣಿನಂತೆ ಕಪ್ಪಾಗಿಸುತ್ತದೆ. ಹಾಗಾಗಿ ಜಾಗ ನೋಡಿ ಹಂಚಿದೆ: ಬೆನ್ನು, ಕುತ್ತಿಗೆ, ಮೂಗು, ಕಣ್ಣಿಗೆ ಗ್ಲಾಸಿ; ರಾಡಿ, ಹಿನ್ನೆಲೆಗೆ ಮ್ಯಾಟ್; ಕೊಂಬಿಗೆ ಎರಡೂ ಸಮನಾಗಿ ಬೆರೆಸಿದ್ದು.

ಖರ್ಚು: ಪ್ಲೈ 1,300, ಪಟ್ಟಿ ಮತ್ತು ಸ್ಕ್ರೂ 250, ಮಂಜರಪಾಟ 180, ಫೆವಿಕಾಲ್ 2 ಕೆ.ಜಿ. 620, ಖಡಿಪುಡಿ 100, ಅಕ್ರಿಲಿಕ್ ಮತ್ತು ಮೀಡಿಯಂ 1,450, ವಾರ್ನಿಶ್ ಎರಡು ಬಗೆ 900, ದಾರ, ಸುತಳಿ 120, ಸಾಗಣೆ 300. ಒಟ್ಟು 5,220 ರೂಪಾಯಿ. ಮಣ್ಣು, ಕೌದಿ, ಮಸಿ, ಬೂದಿಗೆ ಹಣ ಇಲ್ಲ. ತೂಕ ಸುಮಾರು 13 ಕೆ.ಜಿ., ಒಂದು ಮೊಳೆ ಸಾಲದು. ಹಿಂದಿನ ಪಟ್ಟಿಗೆ ಎರಡು ಡಿ-ರಿಂಗ್, ಗೋಡೆಗೆ ಎರಡು ರಾವಲ್ ಪ್ಲಗ್.

ಒಂದು ಜಾಗ ಇನ್ನೂ ನನ್ನನ್ನು ಕಾಡುತ್ತಿದೆ. ಎದೆಯ ಹತ್ತಿರ ಕೌದಿಯ ಅಂಚಿನ ಮೇಲೆ ಮಣ್ಣು ಹತ್ತಿದ ಕಡೆ, ಬಟ್ಟೆ ಒಂದು ರೀತಿ, ಮಣ್ಣು ಒಂದು ರೀತಿ ಎಳೆದು ಎರಡು ಬೆರಳಗಲ ಪೊಳ್ಳಾಗಿದೆ. ಬೆರಳಿನಿಂದ ತಟ್ಟಿದರೆ ಸದ್ದು ಬೇರೆ. ಸಿರಿಂಜಿನಿಂದ ತೆಳು ಫೆವಿಕಾಲ್ ಇಳಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಉಸುಕಿನ ಚೀಲ ಇಟ್ಟು ಕೂರಿಸಿದ್ದೇನೆ. ಈಗ ಹಿಡಿದಿದೆ. ಧಾರವಾಡದ ಒಂದು ಮಳೆಗಾಲ ದಾಟಿದ ಮೇಲೆ ಮತ್ತೆ ತಟ್ಟಿ ನೋಡಬೇಕು. ಮುಂದಿನ ಹಲಗೆಯಲ್ಲಿ ಬಟ್ಟೆ, ಮಣ್ಣು ಒಂದರ ಮೇಲೊಂದು ಹತ್ತದಂತೆ ನಡುವೆ 3 ಎಂ.ಎಂ. ಸಂದು ಬಿಟ್ಟು, ಅದನ್ನು ಅರಳೆ ಮತ್ತು ಮೀಡಿಯಂನಿಂದ ತುಂಬುವ ಯೋಚನೆ ಇದೆ. ಅದಕ್ಕೆ ಬೇಕಾದ ತುಂಡು ಪ್ಲೈ ಕೊಯ್ಯಿಸಿ ತಂದಾಗಿದೆ, 2×2 ಅಡಿ, ಕೆಂಚಿಯ ಕರುವಿಗೆ.